ಮಗುಚಿಟ್ಟ ಮುದ್ದೆ

ಸಾಲಿಗ್ರಾಮದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ ಹೊಲಿಸಲು ಬರುವವರಲ್ಲಿ ಈಚೆಗೆ ಎರಡು ಬಗೆ ಕಾಣುತ್ತೇನೆ. ಬಟ್ಟೆಯ ಜೊತೆ ಅಳತೆಯ ರವಿಕೆಯನ್ನೂ ತಂದು, ತೋಳು ಇಷ್ಟುದ್ದ ಇರಲಿ ಅಂತ ಹೇಳಿ ಹೋಗುವವರು ಒಂದು ಬಗೆ. ಅಳತೆಯ ರವಿಕೆ ಮರೆತು ಬಂದೆ ಅನ್ನುವವರು ಇನ್ನೊಂದು. ಈ ಮರೆತು ಬರುವವರ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು. ಮೈ ಅಳತೆ ತೆಗೆಯುವಾಗ ನನ್ನ ಕಿವಿ ಅವರ ಬಾಯಿಗೆ ಹತ್ತಿರ ಇರುತ್ತದೆ, ಬೀದಿಯಲ್ಲಿ ಹೋಗುವವರಿಗೆ ಏನೂ ಕೇಳಿಸುವುದಿಲ್ಲ. ಬೆನ್ನ ಮೇಲೆ ಟೇಪು ಇಟ್ಟ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ: "ಅಕ್ಕ, ನಮ್ ಕಡೆಯೋರು ಒಬ್ರಿಗೆ..."

ಅವರ ಕಡೆಯವರೊಬ್ಬರಿಗೆ ನಿದ್ದೆ ಬರುವುದಿಲ್ಲ. ಇಲ್ಲವೇ ಒಬ್ಬೊಬ್ಬರೇ ಮಾತಾಡುತ್ತಾರೆ, ಸ್ನಾನ ಬಿಟ್ಟಿದ್ದಾರೆ, ಸುಮ್ಮಸುಮ್ಮನೆ ಅಳುತ್ತಾರೆ. ತಲೆಗೆ ನೋಡುವ ಆ ಡಾಕ್ಟರು ಯಾವ ದಿನ ಬರುತ್ತಾರೆ? ಚೀಟಿ ಮಾಡಿಸುವ ಕಡೆ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರಾ? ಒಂದು ಸಲ ಮಾತ್ರೆ ಹಿಡಿದರೆ ಸಾಯುವ ತನಕ ಬಿಡುವ ಹಾಗಿಲ್ಲವಂತೆ, ಹೌದಾ? ಮಗಳನ್ನು ನೋಡಲು ಬರುವವರಿಗೆ ಇದನ್ನು ಹೇಳಬೇಕಾ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಯಾರ ಹೆಗಲು ಅಂತ ನಾನು ಕೇಳುವುದಿಲ್ಲ. ನನ್ನನ್ನೇ ಯಾಕೆ ಕೇಳುತ್ತಾರೆ ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು. ನನಗೆ ತಲೆ ಕೆಟ್ಟಿದ್ದದ್ದು ಮಿರ್ಲೆಯಿಂದ ಚುಂಚನಕಟ್ಟೆಯವರೆಗೆ ಎಲ್ಲರಿಗೂ ಗೊತ್ತಿರುವ ಸಮಾಚಾರ.

ಹೋದ ತಿಂಗಳು ಬಂದ ಹೆಂಗಸು ಮಾತ್ರ ಬೇರೆ ಪ್ರಶ್ನೆ ಕೇಳಿದಳು. ಅವಳಿಗೆ ಮೂವತ್ತೈದರ ಮೇಲಿಲ್ಲ, ಕೈ ತುಂಬ ಹಸಿರು ಬಳೆ. ಅಳತೆಯ ರವಿಕೆ ತಂದಿರಲಿಲ್ಲ.

"ಅಕ್ಕ, ನಮ್ ಯಜಮಾನ್ರಿಗೆ ಕಣಕ್ಕ," ಅಂದಳು. ಕಡೆಯವರು ಅನ್ನಲಿಲ್ಲ, ಅಲ್ಲೇ ನನಗೆ ಅವಳ ಮೇಲೆ ಮರ್ಯಾದೆ ಬಂತು. "ಮಾತ್ರೆ ಕೊಟ್ಟವ್ರೆ, ಮುಟ್ಟಾಕಿಲ್ಲ ಅಂತಾರೆ. ಅವ್ರಿಗೆ ಗೊತ್ತಾಗ್ದಂಗೆ ಊಟದಲ್ಲಿ ಬೆರ್ಸಿ ಕೊಡ್ಬೋದಾ?"

ಟೇಪು ಸುತ್ತಿಟ್ಟೆ. "ಕೂತ್ಕೊ," ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅನುಮಾನ ನನಗೆ ಕಾಯಿಲೆಯಿಂದ ಬಂದದ್ದಲ್ಲ, ಹುಟ್ಟುಗುಣ. ಹೊಲಿಗೆಯವಳಿಗೆ ಅದಿಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತು, ಆಮೇಲೆ ಬಿಗಿಯಾಯಿತು ಅಂತ ಜಗಳಕ್ಕೆ ಬರುವವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಆದರೆ ಐದಾರು ವರ್ಷದ ಹಿಂದೆ ಅದು ಅಳತೆ ಮೀರಿತು. ಮೊದಲು ನಿದ್ದೆ ಹೋಯಿತು. ನಲ್ಲಿಯ ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಕರೆಂಟ್ ಮೀಟರ್ ನೋಡಲು ಬಂದವನು ನಮ್ಮ ಮನೆ ಮುಂದೆ ಮಾತ್ರ ಎರಡು ಸಲ ಬರೆದುಕೊಂಡ. ಎದುರುಮನೆಯ ಟಿವಿಯಲ್ಲಿ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುವಾಗ ತಿರುಗಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕಿಟಕಿಯ ಸಂದಿಗೆಲ್ಲ ರವಿಕೆಯ ಅಸ್ತರಿನ ಚೂರು ತುರುಕಿ ಕೂತೆ.

ಗಂಡನ ಮನೆ ಹುಣಸೂರಿನ ಕಡೆ. ಬಿಟ್ಟು ಬಂದು ಬಹಳ ವರ್ಷವಾಗಿತ್ತು. ಅದು ಬೇರೆಯ ಕತೆ, ಇಲ್ಲಿ ಬೇಡ. ಮಿರ್ಲೆಯ ಹತ್ತಿರದ ನಮ್ಮೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೆ, ಈಗಲೂ ಇದ್ದೇನೆ. ಅಪ್ಪ ಸಾಯುವ ಮುಂಚೆ ನನ್ನ ಹೆಸರಿಗೆ ಅರ್ಧ ಎಕರೆ ಗದ್ದೆ ಬರೆದಿದ್ದ. ಅದನ್ನು ಹೊಡೆದುಕೊಳ್ಳಲು ಇವರಿಬ್ಬರೂ ಹೊಂಚು ಹಾಕಿದ್ದಾರೆ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಸಂಶಯವೆಲ್ಲ ಅವರ ಮೇಲೆ ಖರ್ಚಾಗಿತ್ತು.

ಊರಿನವರು ಬೇರೆಯೇ ಹೇಳಿದರು. "ಯಾರೋ ಮದ್ದು ಹಾಕವ್ರೆ ಕಣವ್ವ." ಆಗದವರು ಊಟದಲ್ಲಿ ಬೆರೆಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲೇ ಕೂತು ಮೈಯನ್ನೂ ಬುದ್ಧಿಯನ್ನೂ ಕರಗಿಸುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಇಂದಿಗೂ ಗಟ್ಟಿ. ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನು ಇದ್ದಾನೆ ಅಂತ ಅತ್ತಿಗೆ ನನ್ನನ್ನು ಕರೆದುಕೊಂಡು ಹೋದಳು. ಅವನು ಹಸಿರು ರಸ ಕುಡಿಸಿದ. ಕರುಳು ಕಿತ್ತುಬರುವ ಹಾಗೆ ವಾಂತಿಯಾಯಿತು. ಕಡ್ಡಿಯಲ್ಲಿ ಕೆದಕಿ ಒಂದು ಕಪ್ಪು ಉಂಡೆ ಎತ್ತಿ, "ನೋಡವ್ವ, ಇದೇ ಮದ್ದು, ಕೂದ್ಲು ಸುತ್ತಿ ಆಕವ್ರೆ," ಅಂದ.

ನಾನು ಬಗ್ಗಿ ನೋಡಿದೆ. ಕೂದಲಲ್ಲ, ಪಾಲಿಯೆಸ್ಟರ್ ದಾರ. ದಾರವನ್ನು ಹಲ್ಲಿನಲ್ಲಿ ಕಡಿಯುವ ಚಟ ನನಗಿದೆ ನಿಜ, ಆದರೆ ನುಂಗುವ ಚಟ ಇಲ್ಲ. ಬುದ್ಧಿ ನೆಟ್ಟಗಿದ್ದವರು ಯಾರಾದರೂ ಈ ಮನುಷ್ಯ ಕಳ್ಳ ಅನ್ನುತ್ತಿದ್ದರು. ನಾನು ಹಾಗೆ ತಿಳಿಯಲಿಲ್ಲ. ಅವನಿಗೆ ದಾರ ಕೊಟ್ಟವರು ಯಾರು? ಅತ್ತಿಗೆ. ಎಲ್ಲಿಂದ ತಂದಳು? ನನ್ನ ಅಂಗಡಿಯಿಂದಲೇ ಕದ್ದು. ಲೆಕ್ಕ ಸರಿಹೋಯಿತು. ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂರದೆ ಡ್ರೈವರ್ ಹಿಂದಿನ ಸೀಟಿಗೆ ಹೋದೆ. ಅವಳು ನನಗೆ ಅಂತ ತಂದಿದ್ದ ಎಳನೀರು ದಾರಿಯುದ್ದಕ್ಕೂ ಅವಳ ಕಾಲ ಹತ್ತಿರ ಉರುಳಾಡಿತು.

ಅದಾದ ಮೇಲೆ ಅಣ್ಣ ಶುಗರ್ ಟೆಸ್ಟ್ ಮಾಡಿಸೋಣ ಅಂತ ಕೆ.ಆರ್. ನಗರಕ್ಕೆ ಕರೆದುಕೊಂಡು ಹೋದ. ಸರ್ಕಾರಿ ಆಸ್ಪತ್ರೆ. ಒಳಗೆ ಕನ್ನಡಕದ ಡಾಕ್ಟರಮ್ಮ ಕೂತಿದ್ದರು.

"ಜನ ನಿಮ್ಮ ಬಗ್ಗೆ ಮಾತಾಡ್ತಾರೆ ಅನ್ಸುತ್ತಾ?" ಅಂತ ಕೇಳಿದರು.

"ಅನ್ಸೋದೇನು ಬಂತು, ಮಾತಾಡ್ತಾರೆ. ಆಚೆ ಓಗಿ ನೀವೇ ಕೇಳಿ," ಅಂದೆ.

ಅವರು ನಗಲಿಲ್ಲ, ಬರೆದುಕೊಂಡರು. ಬರೆದುಕೊಳ್ಳುವವರನ್ನು ಕಂಡರೆ ಆಗ ನನಗೆ ಆಗುತ್ತಿರಲಿಲ್ಲ. ಅದಿರಲಿ, ಬೆರಳಿಗೆ ಸೂಜಿ ಚುಚ್ಚಲೇ ಇಲ್ಲ. ಸೂಜಿ ಚುಚ್ಚದ ಶುಗರ್ ಟೆಸ್ಟ್ ಎಲ್ಲಾದರೂ ಉಂಟೆ? ಅಣ್ಣನ ಸುಳ್ಳು ಅಲ್ಲೇ ಸಿಕ್ಕಿಬಿತ್ತು. ರಾತ್ರಿ ಊಟದ ನಂತರ ದಿನಕ್ಕೊಂದು ಅಂತ ಒಂದು ತಿಂಗಳ ಮಾತ್ರೆ ಕೊಟ್ಟರು. ಅಂಗಡಿಗೆ ಬಂದು ಆ ಪಟ್ಟಿಯನ್ನು ಕತ್ತರಿಯಲ್ಲಿ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ, ಬಾಬಿನ್ ಇಡುವ ಡಬ್ಬಿಗೆ ಹಾಕಿ, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟೆ. ಎಸೆಯಲಿಲ್ಲ. ಸಾಕ್ಷಿ ಬೇಕಲ್ಲ.

ಸಾಕ್ಷಿಯನ್ನು ಆಗಾಗ ಎಣಿಸುತ್ತಿದ್ದೆ. ನಾಲ್ಕನೆಯ ದಿನ ಒಂದು ಕಡಿಮೆ ಇತ್ತು. ಮಾರನೆಯ ದಿನ ಇನ್ನೊಂದು ಕಡಿಮೆ. ದಿನಕ್ಕೊಂದರಂತೆ ಮಾಯವಾಗುತ್ತಿತ್ತು. ಅಂಗಡಿಯ ಇನ್ನೊಂದು ಬೀಗದ ಕೈ ಅತ್ತಿಗೆಯ ಹತ್ತಿರ ಇತ್ತು. ಬೆಳಗ್ಗೆ ಮೊದಲ ಬಸ್ಸಿಗೆ ಸಾಲಿಗ್ರಾಮಕ್ಕೆ ಹಾಲು ಹಾಕಲು ಬಂದು, ನಾನು ಬರುವ ಮುಂಚೆ ಅಂಗಡಿ ಗುಡಿಸಿ ಹೋಗುತ್ತಿದ್ದವಳು ಅವಳೇ. ಬಾಯಿ ಬಿಡಲಿಲ್ಲ. ಸುಮ್ಮನೆ ನೋಡಿದೆ.

ನಮ್ಮ ಕಡೆ ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿಗೆ ಅದ್ದಿ ನುಂಗುತ್ತೇವೆ. ಅಗಿದವನನ್ನು ನೋಡಿ ಮಕ್ಕಳೂ ನಗುತ್ತಾರೆ. ನುಂಗುವ ಊಟದಲ್ಲಿ ಒಳಗೇನಿದೆ ಅಂತ ನಾಲಿಗೆಗೆ ತಿಳಿಯುವುದಿಲ್ಲ, ಕಣ್ಣಿಗೆ ತಿಳಿಯಬೇಕು ಅಷ್ಟೆ. ಅತ್ತಿಗೆಯ ಮುದ್ದೆ ಊರಿಗೇ ಹೆಸರುವಾಸಿ. ಮೇಲೆ ಗುಂಡಗೆ, ತಳ ನುಣ್ಣಗೆ, ಒಂದು ಗೀರಿಲ್ಲ. ರಾತ್ರಿ ನಾನು ಊಟ ಬಿಟ್ಟಿದ್ದರಿಂದ ಮಧ್ಯಾಹ್ನದ ಮುದ್ದೆ ಒಂದೇ ನನ್ನ ಆಹಾರ. ಒಂದು ದಿನ ಅದನ್ನು ಎತ್ತಿ ನೋಡಿದೆ. ತಳದಲ್ಲಿ ಹೆಬ್ಬೆರಳು ಒತ್ತಿ ಮುಚ್ಚಿದ ಗುರುತು. ಅಣ್ಣನ ಮುದ್ದೆಯಲ್ಲಿ ಇರಲಿಲ್ಲ. ಅಂದು ಹಸಿವಿಲ್ಲ ಅಂತ ಎದ್ದೆ. ಮಾರನೆಯ ದಿನವೂ ಗುರುತು ಇತ್ತು.

ಮೂರನೆಯ ದಿನ, "ಇವತ್ತು ಅಣ್ಣನ್ ಅಷ್ಟೇ ದೊಡ್ದು ಇಕ್ಕು, ಅಸಿವು," ಅಂದೆ. ಅತ್ತಿಗೆಯ ಮುಖ ಅರಳಿತು, ಪಾಪ. ಅವಳು ಸಾರಿನ ಪಾತ್ರೆ ತರಲು ಒಳಗೆ ಹೋದಳು, ಅಣ್ಣ ಕೈ ತೊಳೆಯಲು ಆಚೆ ಹೋಗಿದ್ದ. ತಟ್ಟೆ ಬದಲಾಯಿಸಿದೆ. ಅಣ್ಣ ಬಂದು ಕೂತು, ಉಂಡು, ಗುದ್ದಲಿ ಹೆಗಲಿಗೇರಿಸಿ ಗದ್ದೆಗೆ ಹೋದ. ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ನಾಲೆಯ ನೀರಿನ ಸರದಿ ನಮ್ಮದು.

ಸಂಜೆಯಾಗುವ ಮುಂಚೆಯೇ ಪಕ್ಕದ ಗದ್ದೆಯವನು ಅಣ್ಣನನ್ನು ತೋಳು ಹಿಡಿದು ನಡೆಸಿಕೊಂಡು ಬಂದ. ಅಣ್ಣ ನೀರು ತಿರುಗಿಸಿ ಹೊಂಗೆ ಮರದ ಕೆಳಗೆ ಕೂತವನು ಅಲ್ಲೇ ಒರಗಿ ನಿದ್ದೆ ಹೋಗಿದ್ದನಂತೆ. ನಮ್ಮ ಬದು ಒಡೆದು ಪಕ್ಕದವನ ಭತ್ತದ ಸಸಿಯ ಮಡಿ ತೇಲಿಹೋಗಿತ್ತು. "ನಿಮ್ ಯಜಮಾನ ಕುಡ್ದವ್ನೆ ಕಣಮ್ಮೋ, ಎಬ್ಬುಸುದ್ರೆ ಏಳಕಿಲ್ಲ!" ಅಂತ ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. ಅಣ್ಣ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಅತ್ತಿಗೆ ಅವನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಹೊಸ್ತಿಲ ಮೇಲೆ ಕುಸಿದು ತಲೆ ಚಚ್ಚಿಕೊಂಡು, "ಅಯ್ಯೋ, ಅದು ನಿಂಗೆ ಕಣವ್ವ ಕೊಟ್ಟಿದ್ದು, ನಿನ್ ಮಾತ್ರೆ ಕಣವ್ವ," ಅಂದಳು. ಹದಿನೆಂಟು ದಿನದಿಂದ ಪುಡಿ ಮಾಡಿ ಮುದ್ದೆಯಲ್ಲಿಟ್ಟು ಕೊಡುತ್ತಿದ್ದೆ ಅಂತ ಎಲ್ಲವನ್ನೂ ಒಪ್ಪಿಕೊಂಡಳು. ಅಣ್ಣನಿಗೂ ಅದು ಗೊತ್ತಿರಲಿಲ್ಲ.

ನನಗೆ ಏನಾಯಿತು ಅಂತ ಬರೆಯಲು ನಾಚಿಕೆಯಾಗುತ್ತದೆ. ಸಂತೋಷವಾಯಿತು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಎಲ್ಲ ನಿನ್ನ ಭ್ರಮೆ, ಎಲ್ಲ ನಿನ್ನ ಭ್ರಮೆ ಅಂತ ತಿಂಗಳುಗಟ್ಟಲೆ ಕೇಳಿದ್ದವಳು ನಾನು. ನೋಡಿ, ನನ್ನ ಊಟದಲ್ಲಿ ನಿಜವಾಗಿ ಏನೋ ಬೆರೆಸಿದ್ದರು, ನಾನೇ ಹಿಡಿದೆ. ಆದರೆ ಆ ಖುಷಿ ಅರ್ಧ ಗಂಟೆಯೂ ನಿಲ್ಲಲಿಲ್ಲ. ಒಂದು ಅನುಮಾನ ನಿಜವಾದರೆ ಮಿಕ್ಕ ನೂರಕ್ಕೂ ಜೀವ ಬರುತ್ತದೆ. ಇದು ನಿಜವಾದರೆ ಮೀಟರಿನವನೂ ನಿಜ, ಟಿವಿಯ ಅತ್ತೆಯೂ ನಿಜ. ಹದಿನೈದು ದಿನದಿಂದ ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತು, ಆ ಅತ್ತೆಯೂ ಸುಮಾರಾಗಿ ಸುಮ್ಮನಿದ್ದಳು. ಅಂದು ಸಂಜೆಯೇ ಮತ್ತೆ ನನ್ನ ಕಡೆ ತಿರುಗಿದಳು.

ಅಲ್ಲಿಂದ ಮನೆಯ ಊಟ ಬಿಟ್ಟೆ. ಸಿಪ್ಪೆಯಿದ್ದದ್ದನ್ನು ಮಾತ್ರ ತಿಂದೆ. ಬಾಳೆಹಣ್ಣು, ನಾನೇ ಬೇಯಿಸಿ ಸುಲಿದ ಮೊಟ್ಟೆ, ಕಡಲೆಕಾಯಿ. ಬಾಳೆಹಣ್ಣಿನ ಸಿಪ್ಪೆಯಲ್ಲೂ ಸೂಜಿ ಚುಚ್ಚಿದ ಗುರುತಿದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಸೂಜಿಯ ಗುರುತು ನನಗೆ ತಪ್ಪುವುದಿಲ್ಲ. ಮಾತ್ರೆ ಇಲ್ಲ, ನಿದ್ದೆ ಮತ್ತೆ ಹೋಯಿತು. ಒಂದು ತಿಂಗಳು ಕಳೆಯುವುದರೊಳಗೆ ನನ್ನದೇ ರವಿಕೆಗಳನ್ನು ಎರಡು ಸಲ ಒಳಗೆ ಹಿಡಿದು ಬಿಗಿ ಮಾಡಿ ಹೊಲಿದುಕೊಂಡೆ, ಅಷ್ಟು ಇಳಿದಿದ್ದೆ. ಅಣ್ಣ ಅಂಗಡಿಯ ಮುಂದೆ ಬಂದು, "ಸತ್ತೋಯ್ತೀಯ ಕಣವ್ವ," ಅಂತ ಅತ್ತ. ನಾನು ಮೆಷಿನ್ ಜೋರಾಗಿ ತುಳಿದೆ.

ಒಂದು ಮಧ್ಯಾಹ್ನ ಅತ್ತಿಗೆ ಬಂದಳು. ಒಂದು ಕೈಯಲ್ಲಿ ಚಿಕ್ಕ ಗ್ಯಾಸ್ ಒಲೆ, ತಲೆಯ ಮೇಲೆ ಪಾತ್ರೆ, ಬಗಲಲ್ಲಿ ರಾಗಿ ಹಿಟ್ಟಿನ ಚೀಲ. ಏನೂ ಕೇಳದೆ ಕತ್ತರಿಸುವ ಮೇಜಿನ ಕೆಳಗೆ ಒಲೆ ಹಚ್ಚಿದಳು. ನನ್ನ ಬಿಂದಿಗೆಯ ನೀರನ್ನೇ ನನ್ನ ಕೈಯಿಂದಲೇ ಹಾಕಿಸಿದಳು, ಹಿಟ್ಟನ್ನೂ ನನ್ನ ಕೈಯಿಂದಲೇ. ಕೋಲಿನಲ್ಲಿ ತಿರುವಿ, ತಟ್ಟೆಯ ಮೇಲೆ ಉರುಳಿಸಿ ಮುದ್ದೆ ಮಾಡಿದಳು. ಅದನ್ನು ತಳ ಮೇಲಾಗಿ ಮಗುಚಿ ಇಟ್ಟಳು. ಪಕ್ಕದಲ್ಲಿ ಒಂದು ಕಾಗದದ ಮೇಲೆ ಮಾತ್ರೆ ಇಟ್ಟಳು.

"ಇದು ಮುದ್ದೆ, ಇದು ಮಾತ್ರೆ. ಎರಡೂ ಕಣ್ಗೆ ಕಾಣಂಗೆ ಅವೆ. ನಾನು ಮಾಡಿದ್ದು ತಪ್ಪು ಕಣವ್ವ. ನೀನು ಸತ್ತೋಯ್ತೀಯ ಅಂತ ಭಯ ಆಗಿ ಮಾಡ್ದೆ. ಯಾವ್ದು ಬೇಕೋ ತಕ್ಕೊ, ಬ್ಯಾಡ್ದೆ ಇದ್ರೆ ಬುಡು."

ನಾನು ಮುದ್ದೆ ತಿಂದೆ. ಬಿಸಿ ಊಟ ಗಂಟಲಿಗಿಳಿದು ಒಂದು ತಿಂಗಳಾಗಿತ್ತು. ಕಣ್ಣಲ್ಲಿ ನೀರು ಬಂತು, ತಡೆಯಲು ಆಗಲಿಲ್ಲ. ಮಾತ್ರೆ ಮುಟ್ಟಲಿಲ್ಲ. ಅವಳು ಅದನ್ನು ಕಾಗದದಲ್ಲೇ ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಮಾರನೆಯ ದಿನ ಮತ್ತೆ ಬಂದಳು. ಎಂಟು ದಿನ ಹೀಗೇ ನಡೆಯಿತು. ಮಾತ್ರೆ ತಗೋ ಅಂತ ಒಂದು ಸಲವೂ ಅನ್ನಲಿಲ್ಲ. ಒಂಬತ್ತನೆಯ ದಿನ ನಾನೇ ಅಂದೆ: "ಆ ಡಾಕ್ಟರಮ್ಮನ್ನ ಕೇಳ್ಬೇಕು. ಬಾ, ಆದ್ರೆ ಒಳಗೆ ನಾನೊಬ್ಳೇ ಓಗೋದು."

ಅಳತೆ ಬರೆಯುವ ಪುಸ್ತಕದ ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋದೆ. ಇದು ನಿದ್ದೆ ಮಾತ್ರೆಯಾ, ಹುಚ್ಚಿನ ಮಾತ್ರೆಯಾ? ಇದನ್ನು ತಿಂದರೆ ನನ್ನ ಕೈ ಹೊಲಿಗೆ ಮರೆಯುತ್ತದಾ? ಅಣ್ಣ ಕೇಳಿದರೆ ನಾನು ಹೇಳಿದ್ದನ್ನೆಲ್ಲ ಅವನಿಗೆ ಹೇಳುತ್ತೀರಾ? ಡಾಕ್ಟರಮ್ಮ ಒಂದೊಂದಕ್ಕೂ ಉತ್ತರ ಹೇಳಿದರು. ಕೈ ನಡುಗಿದರೆ, ಮಂಕು ಜಾಸ್ತಿಯಾದರೆ ಬಂದು ಹೇಳಿ, ಮಾತ್ರೆಯ ಪ್ರಮಾಣ ಬದಲಾಯಿಸೋಣ, ನೀವೇ ನಿಲ್ಲಿಸಬೇಡಿ ಅಂದರು. ಮುದ್ದೆಯ ವಿಷಯ ಹೇಳಿದಾಗ ಪೆನ್ನು ಕೆಳಗಿಟ್ಟರು. "ಅದು ಮಾಡಬಾರದಾಗಿತ್ತು," ಅಂದರು.

ಕೊನೆಗೆ ಕೇಳಿದೆ: "ಎಷ್ಟು ವರ್ಷ ತಿನ್ಬೇಕು?"

"ಈಗಲೇ ಹೇಳೋಕೆ ನನಗೆ ಗೊತ್ತಾಗಲ್ಲ."

ಅಲ್ಲಿಯವರೆಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಮದ್ದು ತೆಗೆಯುವವನಿಗೆ ಗೊತ್ತಿತ್ತು, ಊರಿನವರಿಗೆ ಗೊತ್ತಿತ್ತು, ನನಗಂತೂ ಮೀಟರಿನವನ ಮನಸ್ಸಿನಲ್ಲಿರುವುದೂ ಗೊತ್ತಿತ್ತು. ಗೊತ್ತಿಲ್ಲ ಅಂದವರಲ್ಲಿ ಅವರೇ ಮೊದಲನೆಯವರು. ಸುಳ್ಳು ಹೇಳುವವರಾಗಿದ್ದರೆ ಆರು ತಿಂಗಳು ಅಂದುಬಿಡುತ್ತಿದ್ದರು ಅಂತ ನನ್ನ ಅನುಮಾನವೇ ನನಗೆ ಹೇಳಿತು. ಅಂದು ರಾತ್ರಿ ಊಟವಾದ ಮೇಲೆ ನಾನೇ ಡಬ್ಬಿ ತೆಗೆದು ಮಾತ್ರೆ ನುಂಗಿದೆ. ಇಂದಿಗೂ ನುಂಗುತ್ತೇನೆ, ನಡುವೆ ಎರಡು ಸಲ ಕಡಿಮೆ ಮಾಡಿದ್ದಾರೆ. ಟಿವಿಯ ಅತ್ತೆ ಈಗ ತನ್ನ ಸೊಸೆಯನ್ನೇ ಬೈದುಕೊಂಡಿದ್ದಾಳೆ.

ಹಸಿರು ಬಳೆಯ ಹೆಂಗಸು ಇಷ್ಟನ್ನೂ ಕೇಳಿ ಬಟ್ಟೆಯ ಅಂಚು ತಿರುವಿದಳು.

"ಅಕ್ಕ, ನಿಮ್ಗೆ ಮೊದ್ಲೇ ಯೋಳಿ ಕೊಟ್ಟಿದ್ರೆ ತಿಂತಿದ್ರಾ?"

ನನಗೆ ಸಿಟ್ಟು ಬಂತು. ಸರಿಯಾದ ಜಾಗಕ್ಕೆ ಸೂಜಿ ಚುಚ್ಚಿದವರ ಮೇಲೆ ಬರುವ ಸಿಟ್ಟು. "ಇಲ್ಲ," ಅಂದೆ.

"ಮತ್ತೆ?"

ಆ ಹದಿನೆಂಟು ದಿನದ ನಿದ್ದೆ ಇಲ್ಲದಿದ್ದರೆ ನಾನು ಎಲ್ಲಿರುತ್ತಿದ್ದೆನೋ ಗೊತ್ತಿಲ್ಲ. ಆ ಹದಿನೆಂಟು ದಿನ ಇಲ್ಲದಿದ್ದರೆ ಒಂದು ತಿಂಗಳು ಮೊಟ್ಟೆ ಸುಲಿದುಕೊಂಡು ಕೂರುತ್ತಲೂ ಇರಲಿಲ್ಲ. ಎರಡೂ ನಿಜ. "ಆಸ್ಪತ್ರೆಗೆ ಮೊದ್ಲು ನೀನು ಓಗು," ಅಂದೆ. "ತಿನ್ನಲ್ಲ ಅಂತವ್ರೆ, ಏನ್ ಮಾಡ್ಲಿ ಅಂತ ಡಾಕ್ಟರಮ್ಮನ್ನೇ ಕೇಳು. ಒಲೆ ಮುಂದೆ ಕೂತ್ಕೊಂಡು ನೀನೊಬ್ಳೇ ತೀರ್ಮಾನ ಮಾಡ್ಬೇಡ. ನಿನ್ ಯಜಮಾನ್ರ ತಟ್ಟೇಲಿ ಮಾತ್ರ ಬಚ್ಚಿಡ್ಬೇಡ."

ಏಳುವಾಗ ಅವಳು ಇನ್ನೊಂದು ಕೇಳಿದಳು. "ಈಗ ನಿಮ್ ಅತ್ತಿಗೇನ ನಂಬ್ತೀರಾ ಅಕ್ಕ?"

"ತೋಳು ಎಷ್ಟುದ್ದ ಬೇಕು ಯೋಳು," ಅಂದೆ.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇದು. ಅಂಗಡಿಯಲ್ಲಿ ಮುದ್ದೆ ಮಗುಚಿಟ್ಟ ಆ ದಿನದಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ನನ್ನ ಮುದ್ದೆ ಬರುವುದು ತಲೆಕೆಳಗಾಗಿಯೇ. ನುಣ್ಣನೆಯ ತಳ ಮೇಲೆ, ಗುಂಡು ಕೆಳಗೆ. ತಟ್ಟೆಯಲ್ಲಿ ಸ್ವಲ್ಪ ಅಲ್ಲಾಡುತ್ತದೆ. ನೆಂಟರು ಬಂದಾಗ ಇದೇನು ಹೊಸ ಪದ್ಧತಿ ಅಂತ ನಗುತ್ತಾರೆ. ಅತ್ತಿಗೆ ಅವರ ತಟ್ಟೆಗೆ ಇನ್ನಷ್ಟು ಸಾರು ಬಿಡುತ್ತಾಳೆ. ತಳವನ್ನು ಒಂದು ಸಲ ನೋಡುತ್ತೇನೆ, ಆಮೇಲೆ ಮುರಿಯುತ್ತೇನೆ. ಒಂದು ದಿನವೂ ನೋಡದೆ ಮುರಿದಿಲ್ಲ.

ಅಂದು ಅಂಗಡಿಗೆ ಬೀಗ ಹಾಕಿ ಊಟಕ್ಕೆ ಮನೆಗೆ ಹೋದೆ. ಆ ಹೆಂಗಸಿನ ಪ್ರಶ್ನೆ ಬಸ್ಸಿನಲ್ಲೂ ಬಿಡಲಿಲ್ಲ. ಕೈ ತೊಳೆದು ಕೂತು, ಅತ್ತಿಗೆಯ ಮುಖ ನೋಡದೆ, "ಇವತ್ತು ಎಲ್ಲಾರ್ಗೂ ಇಕ್ಕಂಗೆ ನಂಗೂ ಇಕ್ಕು ಅತ್ತಿಗೆ, ನೆಟ್ಟಗೆ," ಅಂದೆ.

ಅವಳು ಸೌಟು ಕೆಳಗಿಟ್ಟಳು. ಆಮೇಲೆ ಮುದ್ದೆಯನ್ನು ನೆಟ್ಟಗೆ ಇಟ್ಟಳು, ಗುಂಡು ಮೇಲೆ. ಸಾರು ಬಿಟ್ಟಳು. ನಾನು ಎತ್ತಿ ನೋಡಲಿಲ್ಲ. ನೋಡಬಾರದು ಅಂತ ಹಲ್ಲು ಕಚ್ಚಿ, ಮುರಿಯಲು ಕೈ ಚಾಚಿದೆ.

ಅತ್ತಿಗೆಯ ಕೈ ಅಡ್ಡ ಬಂತು. ಸಾರಿನಲ್ಲಿ ನೆನೆದಿದ್ದ ಮುದ್ದೆಯನ್ನು ಬಿಸಿಬಿಸಿಯಾಗಿ ಎರಡೂ ಕೈಯಲ್ಲಿ ಹಿಡಿದು ಮಗುಚಿದಳು.

"ಬ್ಯಾಡ ಕಣವ್ವ," ಅಂದಳು. "ನೋಡ್ಕೊಂಡೇ ಉಣ್ಣು. ನೀನು ನೋಡ್ದೆ ಉಂಡ್ರೆ ನಂಗೆ ಭಯ ಆಯ್ತದೆ."